ಯಾವ ಕಡೆಯವರು

ಲಕ್ಷ್ಮೀ ನಗರ, ದಿಲ್ಲಿ
18 ಏಪ್ರಿಲ್ 2005

ಶಾಂತಮ್ಮನವರಿಗೆ, ವಂದನೆಗಳು.

ಲಕೋಟೆಯಲ್ಲಿ ಹಿಂದಿಯ ಸುತ್ತೋಲೆ ಇದೆ. ಅದು ಎಲ್ಲ ತಂದೆತಾಯಿಗಳಿಗೂ ಹೋಗುವಂಥದ್ದು. ಈ ಕಾಗದ ನಿಮಗೆ ಮಾತ್ರ. ಪ್ರೇರಣಾಳ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗದಲ್ಲಿ 'ಶಾಂತಮ್ಮ' ಎಂದು ದುಂಡಗೆ ಕನ್ನಡದಲ್ಲಿ ಬರೆದಿತ್ತು. ನಾನು ಅದನ್ನು ಪಕ್ಕದ ಮೇಜಿನವರಿಗೆಲ್ಲ ತೋರಿಸಿದೆ. ಅದರಲ್ಲೇನು ವಿಶೇಷ ಎಂದು ಅವರಿಗೆ ತಿಳಿಯಲಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅಮ್ಮನಿಗೆ ಬರೆಯುತ್ತಿದ್ದ ಕಾಗದಗಳನ್ನು ಬಿಟ್ಟರೆ ಕನ್ನಡ ಬರೆದು ಅಭ್ಯಾಸವಿಲ್ಲ, ಅಮ್ಮ ಈಗ ಇಲ್ಲ. ವಾಕ್ಯ ಎಲ್ಲಾದರೂ ಕುಂಟಿದರೆ ಸಹಿಸಿಕೊಳ್ಳಿ.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ತುಂಬಿದ ತರಗತಿಯಲ್ಲಿ ಹುಡುಗಿಯರು ಒಂದು ಬೆಂಚಿನಷ್ಟು. ಸರ್ಕಾರಿ ಶಾಲೆಯಿಂದ ಬಂದ ಹುಡುಗಿ ಕೆಲವು ವರ್ಷ ಒಬ್ಬಳೂ ಇರುವುದಿಲ್ಲ. ಅವರು ನಮ್ಮ ಬಾಗಿಲವರೆಗೆ ಬಂದು ಹಿಂದಿರುಗುವುದಲ್ಲ. ಹತ್ತನೆಯ ತರಗತಿ ಮುಗಿದಾಗಲೇ ಅವರ ದಾರಿ ಬೇರೆಯಾಗಿರುತ್ತದೆ. ಅದಕ್ಕೇ ಈ ಬೇಸಿಗೆ ಶಾಲೆ. ಹತ್ತನೆಯ ಪರೀಕ್ಷೆ ಬರೆದ ಹುಡುಗಿಯರು ಜುಲೈ ಕೊನೆಯವರೆಗೆ ನಮ್ಮ ಪ್ರಯೋಗಶಾಲೆಗೆ ಬಂದು ಕೈಯಾರೆ ಏನಾದರೂ ಕಟ್ಟುತ್ತಾರೆ. ಹನ್ನೊಂದರಲ್ಲಿ ವಿಜ್ಞಾನ ತೆಗೆದುಕೊಳ್ಳಲು ಹೆದರಬಾರದು, ಅಷ್ಟೇ ನಮ್ಮ ಆಸೆ.

ಮೊದಲ ದಿನ ನಾನು ಎಲ್ಲರೆದುರು ಅವಳನ್ನು ಕನ್ನಡದಲ್ಲಿ, "ಯಾವ ಕಡೆಯವರಮ್ಮಾ ನೀವು?" ಎಂದು ಕೇಳಿದೆ. "ಸರೋಜಿನಿ ನಗರ್, ಮ್ಯಾಮ್" ಅಂದಳು. ಅದಲ್ಲ, ಊರು ಯಾವುದು ಅಂದೆ. ಅದೇ ತಾನೇ ಊರು ಎಂಬಂತೆ "ವಹೀ ತೋ ಹೈ" ಅಂದಳು. ಹುಡುಗಿಯರೆಲ್ಲ ನಕ್ಕರು, ನಾನೂ ನಕ್ಕೆ. ಅವಳು ನಕ್ಕಳೋ ಇಲ್ಲವೋ ಗಮನಿಸಲಿಲ್ಲ.

ಒಂದು ಕೋರಿಕೆ ಇದೆ. ಮೇ ಹದಿನೈದರ ಭಾನುವಾರ ಕಾವೇರಿ ಕನ್ನಡ ಕೂಟದವರು ಈ ಶಾಲೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಪ್ರೇರಣಾ ತಾನು ಮಾಡುತ್ತಿರುವ ಮಾದರಿಯನ್ನು ಅಲ್ಲಿ ತೋರಿಸಲಿ ಎಂದು ನನ್ನ ಇಷ್ಟ. ಕರೆದುಕೊಂಡು ಹೋಗಿ ವಾಪಸ್ ಬಿಡುವ ಜವಾಬ್ದಾರಿ ನನ್ನದು. ನೀವು ಒಪ್ಪಬೇಕು.

ವಿಶ್ವಾಸದಿಂದ,
ಪಂಕಜಾ

*

ಸರೋಜಿನಿ ನಗರ
26 ಏಪ್ರಿಲ್ 2005

ಪಂಕಜಾ ಮೇಡಂ ಅವರಿಗೆ ಶಾಂತಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಪ್ರೇರಣಾಳ ಅಪ್ಪನಿಗೆ ಓದಿ ಹೇಳಿದೆ. ಅವರ ಹೆಸರು ಶಂಕರಪ್ಪ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. "ಕಾಲೇಜಿನ ಮೇಡಂ ತಾವಾಗಿ ಕಾಗದ ಬರೀತಾರಾ? ಇವಳು ಅಲ್ಲಿ ಏನು ಒಡೆದು ಹಾಕಿದಳೋ ಸರಿಯಾಗಿ ಓದು" ಅಂದರು. ಇಲ್ಲ ಅಂತ ಗೊತ್ತಾದ ಮೇಲೆ ಇನ್ನೊಂದು ಸಲ ಓದಿಸಿದರು.

ಅವರ ಮನಸ್ಸು ಇನ್ನೂ ವಿಜ್ಞಾನದ ಕಡೆ ಇಲ್ಲ. ಮನೆ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹನ್ನೊಂದಕ್ಕೆ ಆರ್ಟ್ಸ್ ಮತ್ತು ಕಾಮರ್ಸ್ ಮಾತ್ರ ಇದೆ. ವಿಜ್ಞಾನ ಬೇಕೆಂದರೆ ಎರಡು ಬಸ್ ಬದಲಿಸಿ ಬೇರೆ ಶಾಲೆಗೆ ಹೋಗಬೇಕು. ಕಾಮರ್ಸ್ ಓದಿ ಬ್ಯಾಂಕ್ ಪರೀಕ್ಷೆ ಬರೆಯಲಿ ಅನ್ನುತ್ತಾರೆ. ಅವಳು ಎದುರು ಮಾತಾಡುವುದಿಲ್ಲ. ಬಚ್ಚಲಮನೆ ತುಂಬ ಬಾಟಲಿ, ಪೈಪು ಹರಡಿಕೊಂಡು ಕೂತಿರುತ್ತಾಳೆ. ಅಪ್ಪನ ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿದ್ದಾಳೆ. ಬೇಸಿಗೆಯಲ್ಲಿ ನಮ್ಮ ಬ್ಲಾಕಿನ ಮಹಡಿ ಮನೆಗಳಿಗೆ ನೀರು ಏರುವುದಿಲ್ಲ. ಕೈಯಲ್ಲಿ ಒತ್ತಿ ನೀರು ಮೇಲೇರಿಸುವ ಪಂಪ್ ಮಾಡುತ್ತಾಳಂತೆ.

ಕೂಟಕ್ಕೆ ನಮ್ಮ ಬ್ಲಾಕಿನ ಕನ್ನಡದವರೆಲ್ಲ ಹೋಗುತ್ತಾರೆ. ಮೇಲಿನ ಮನೆ ಲೀಲಾ ಅವರ ಯಜಮಾನರು ಅದರ ಕಮಿಟಿಯಲ್ಲಿದ್ದಾರೆ. ನಾವು ಹೋಗುವುದು ಕಡಿಮೆ. ನೀವು ಜೊತೆಗಿರುತ್ತೀರಿ ಅಂದಮೇಲೆ ಪ್ರೇರಣಾಳನ್ನು ಕಳಿಸುತ್ತೇನೆ. ಒಂದೇ ಮಾತು. ಅಲ್ಲಿ ಅವಳ ಬಗ್ಗೆ, ಮನೆಯ ಬಗ್ಗೆ ಹೆಚ್ಚಿಗೆ ಹೇಳುವುದು ಬೇಡ. ಪಂಪ್ ತೋರಿಸಿ ಬಂದರೆ ಸಾಕು.

ಅರ್ಜಿಯಲ್ಲಿ ಕೊಟ್ಟಿರುವ ಫೋನ್ ನಂಬರ್ ಲೀಲಾ ಅವರ ಮನೆಯದು. ಯಾವಾಗ ಮಾಡಿದರೂ ಕೂಗಿ ಕರೆಯುತ್ತಾರೆ.

ಇಂತಿ,
ಶಾಂತಮ್ಮ

*

ಲಕ್ಷ್ಮೀ ನಗರ
24 ಮೇ 2005

ಶಾಂತಮ್ಮನವರಿಗೆ,

ಕೂಟದ ಕಾರ್ಯಕ್ರಮದ ಮರುದಿನದಿಂದ ಪ್ರೇರಣಾ ತರಗತಿಗೆ ಬಂದಿಲ್ಲ. ಮೊದಲು ಬಿಸಿಲಿಗೆ ಜ್ವರ ಬಂದಿರಬೇಕು ಅಂದುಕೊಂಡೆ. ಲೀಲಾ ಅವರ ಮನೆಗೆ ಫೋನ್ ಮಾಡಿದೆ. "ಹೇಳ್ತೀನಿ" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದಾಗ ಯಾರೂ ಎತ್ತಲಿಲ್ಲ.

ಆವತ್ತು ಅವಳಿಂದ ನನಗೆ ತುಂಬ ಸಂತೋಷವಾಗಿತ್ತು. ಅಷ್ಟು ಜನರೆದುರು ಅಂಜದೆ ಪಂಪ್ ಒತ್ತಿದಳು. ನೀರು ಏರಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಕೂಟದ ಕಾರ್ಯದರ್ಶಿ ಅಶ್ವತ್ಥನಾರಾಯಣ ಅವರು ಅವಳಿಗೆ ಶಾಲು ಹೊದಿಸಿ, ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳು ಸರ್ಕಾರಿ ಶಾಲೆಯಿಂದ ಇಷ್ಟು ದೂರ ಬಂದದ್ದು ದಿಲ್ಲಿಯ ಕನ್ನಡಿಗರೆಲ್ಲರಿಗೂ ಹೆಮ್ಮೆ ಎಂದು ಮನಸ್ಸು ತುಂಬಿ ಮಾತಾಡಿದರು. ವಾಪಸ್ ಬರುವಾಗ ಕಾರಿನಲ್ಲಿ ಅವಳು ಕಿಟಕಿಗೆ ತಲೆ ಒರಗಿಸಿಕೊಂಡಳು. ದಣಿವು ಎಂದು ತಿಳಿದೆ.

ಇನ್ನೆರಡು ಮೂರು ದಿನದಲ್ಲಿ ಫಲಿತಾಂಶ. ಈ ಹೊತ್ತಿನಲ್ಲಿ ಬಿಟ್ಟರೆ ವಿಜ್ಞಾನವೂ ಕೈಬಿಟ್ಟುಹೋದೀತು ಎಂದು ನನಗೆ ಯೋಚನೆ. ಏನಾಯಿತು ಎಂದು ತಿಳಿಸುತ್ತೀರಾ?

ಪಂಕಜಾ

*

ಸರೋಜಿನಿ ನಗರ
1 ಜೂನ್ 2005

ಮೇಡಂ ಅವರಿಗೆ,

ಎರಡು ಸಲ ಬರೆಯಲು ಕೂತು ಎದ್ದೆ. ಅದಕ್ಕೆ ತಡವಾಯಿತು.

ಆವತ್ತು ಪ್ರೇರಣಾ ಆ ಸೆಖೆಯಲ್ಲಿ ಶಾಲು ಹೊದ್ದುಕೊಂಡೇ ಮನೆಯೊಳಗೆ ಬಂದಳು. ಏನಾಯಿತು ಅಂದೆ. "ಶಾಲು ಕೊಟ್ಟರು, ಜಾತಿ ಹೇಳಿದರು, ಚಪ್ಪಾಳೆ ತಟ್ಟಿದರು" ಅಂದಳು. ಅಷ್ಟೇ, ಅದೂ ಹಿಂದಿಯಲ್ಲಿ.

ಅದರಲ್ಲಿ ಮುಚ್ಚಿಡುವುದು ಏನಿದೆ ಎಂದು ನೀವು ಕೇಳಬಹುದು. ಇವರು ಕಚೇರಿಯಲ್ಲಿ ಮುಚ್ಚಿಟ್ಟಿಲ್ಲ. ಶಾಲೆಯಲ್ಲಿ ಬರೆಸಿದ್ದೇವೆ, ನಿಮ್ಮ ಅರ್ಜಿಯಲ್ಲೂ ಬರೆದಿದ್ದೇವೆ. ಆದರೆ ಕಾಗದದಲ್ಲಿ ಇರುವುದು ಬೇರೆ, ಬ್ಲಾಕಿನಲ್ಲಿ ಬದುಕುವುದು ಬೇರೆ. ನಾವು ದಿಲ್ಲಿಗೆ ಬಂದಾಗ ಎಲ್ಲರೂ ಮದ್ರಾಸಿ ಅಂದರು. ಆ ಮಾತು ಕೇಳಿದರೆ ಲೀಲಾ ಅವರಿಗೆ ಈಗಲೂ ಸಿಟ್ಟು. ನನಗೆ ಮಾತ್ರ ಆ ಹೆಸರು ಹಿತವಾಗಿತ್ತು. ಮದ್ರಾಸಿ ಅಂದರೆ ಅಲ್ಲಿಗೆ ಮುಗಿಯಿತು, ಅದರಾಚೆ ಏನು ಕೇಳಬೇಕೆಂದು ಇಲ್ಲಿನವರಿಗೆ ಗೊತ್ತಿಲ್ಲ. ಆಚೆ ಕೇಳುವುದು ಗೊತ್ತಿರುವುದು ನಮ್ಮ ಕನ್ನಡದವರಿಗೆ. ಯಾವ ಕಡೆಯವರು, ಯಾವ ಬೀದಿ, ಯಾರ ಪೈಕಿ. ನಾನು ಊರಿನ ಹೆಸರು ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಅದು ನನಗೆ ಚೆನ್ನಾಗಿ ಬರುತ್ತದೆ.

ನಮ್ಮ ಮನೆಯಲ್ಲಿ ಕಲ್ಲಿನ ಗ್ರೈಂಡರ್ ಇದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ತಂದದ್ದು. ಬ್ಲಾಕಿನಲ್ಲಿ ಮತ್ತೊಂದಿಲ್ಲ. ಶನಿವಾರ ಸಂಜೆ ಕನ್ನಡದವರು, ತಮಿಳರು ನೆನೆಸಿದ ಅಕ್ಕಿ, ಉದ್ದು ತಂದು ಒಬ್ಬರಾದ ಮೇಲೆ ಒಬ್ಬರು ರುಬ್ಬಿಕೊಂಡು ಹೋಗುತ್ತಿದ್ದರು. ಲೀಲಾ ಅವರದೇ ಮೊದಲ ಸರದಿ, ಆಮೇಲೂ ಕೂತು ಮಾತಾಡುತ್ತಿದ್ದರು. ಕೂಟ ಆದ ಮೇಲಿನ ಶನಿವಾರ ಯಾರೂ ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. ಲೀಲಾ ಮೆಟ್ಟಿಲಲ್ಲಿ ಸಿಕ್ಕಾಗ, "ಈ ಸೆಖೆಗೆ ಹಿಟ್ಟು ಬೇಗ ಹುಳಿ ಬರುತ್ತೆ ಶಾಂತಮ್ಮ, ಅದಕ್ಕೇ ನಿಲ್ಲಿಸಿದ್ದೀವಿ" ಅಂದರು. ಸೆಖೆ ಪ್ರತಿ ವರ್ಷವೂ ಇತ್ತು. ನಿಮ್ಮ ಫೋನ್ ಬಂದದ್ದು ನಮಗೆ ಯಾರೂ ಹೇಳಲಿಲ್ಲ.

ಪ್ರೇರಣಾಳಿಗೆ ವಿಜ್ಞಾನದಲ್ಲಿ ತೊಂಬತ್ತೊಂದು ಬಂದಿದೆ. ಆದರೆ ಅವಳ ಅಪ್ಪ ಹತ್ತಿರದ ಶಾಲೆಯಲ್ಲಿ ಕಾಮರ್ಸ್ ಎಂದು ತೀರ್ಮಾನಿಸಿದ್ದಾರೆ. ಕ್ವಾರ್ಟರ್ಸ್ ಬದಲಿಸಲು ಅರ್ಜಿ ಹಾಕಿದ್ದಾರೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೆಚ್ಚಿಗೆ ಹೇಳುವುದು ಬೇಡ ಅಂತ ಬರೆದಿದ್ದೆನಲ್ಲ, ಅದು ನಿಮಗೆ ಯಾಕೆ ಅರ್ಥವಾಗಲಿಲ್ಲ ಅಂತ ಮಾತ್ರ ಯೋಚಿಸುತ್ತೇನೆ.

ಶಾಂತಮ್ಮ

*

ಲಕ್ಷ್ಮೀ ನಗರ
6 ಜೂನ್ 2005

ಶಾಂತಮ್ಮನವರಿಗೆ,

ಯಾಕೆ ಅರ್ಥವಾಗಲಿಲ್ಲ ಎಂದು ನಾನೂ ಯೋಚಿಸಿದೆ. ನಿಮ್ಮ ಆ ಸಾಲನ್ನು ಓದಿದಾಗ, ಹೆಣ್ಣುಮಗಳ ತಾಯಿ, ಸಂಕೋಚದವರು ಎಂದುಕೊಂಡೆ. ಇನ್ನೇನಾದರೂ ಇರಬಹುದು ಎಂದು ಹೊಳೆಯಲೇ ಇಲ್ಲ. ನನ್ನನ್ನು ಯಾರಾದರೂ ಯಾವ ಕಡೆಯವರು ಎಂದರೆ ಮೈಸೂರು ಅನ್ನುತ್ತೇನೆ. ಅವರು ಅಗ್ರಹಾರವೋ ಎಂದು ಕೇಳುತ್ತಾರೆ, ಹೌದು ಅನ್ನುತ್ತೇನೆ, ಕಾಫಿ ಬರುತ್ತದೆ. ಆ ಪ್ರಶ್ನೆಯಿಂದ ನನಗೆ ಎಂದೂ ಏನೂ ನಷ್ಟವಾಗಿಲ್ಲ. ಹಾಗಾಗಿ ಅದು ಬರೀ ಪ್ರೀತಿಯ ಪ್ರಶ್ನೆ ಎಂದೇ ನಂಬಿದ್ದೆ.

ಅಶ್ವತ್ಥನಾರಾಯಣ ಅವರು ಹಿಂದಿನ ದಿನ ಫೋನ್ ಮಾಡಿ, ಈ ಹುಡುಗಿಯ ವಿಶೇಷ ಏನು, ನಾಲ್ಕು ಮಾತು ಹೇಳಿ ಅಂದರು. ಹೇಳಿದೆ. ಅರ್ಜಿಯಲ್ಲಿದ್ದ ಜಾತಿಯನ್ನೂ, ಅವರಿಗೆ ಬೇಕಾದದ್ದು ಅದೇ ಇರಬೇಕು ಎಂದು ನಾನೇ ಊಹಿಸಿ ಹೇಳಿದೆ. ಈಗ ಅವರನ್ನು ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಹೆಮ್ಮೆಯಿಂದಲ್ಲವೇ ಹೇಳಿದ್ದು ಅನ್ನುತ್ತಾರೆ. ಅವರನ್ನು ದೂರಲಾರೆ, ನಾನೂ ಹೆಮ್ಮೆಯಿಂದಲೇ ಹೇಳಿದ್ದೆ. ಆ ಹೆಮ್ಮೆಗೆ ಕೈಹಾಕಲು ನನಗೆ ಹಕ್ಕಿತ್ತೇ ಎಂಬುದು ಈಗಿನ ಪ್ರಶ್ನೆ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಶಂಕರಪ್ಪನವರನ್ನು ಕಂಡು ಮಾತಾಡುತ್ತೇನೆ. ನಿಮ್ಮ ಮನೆಯಲ್ಲೇ ಊಟ ಮಾಡಿ ಹೋಗುತ್ತೇನೆ. ಬೇಕಾದರೆ ಲೀಲಾ ಅವರನ್ನೂ ಕರೆಯಿರಿ.

ಪಂಕಜಾ

*

ಸರೋಜಿನಿ ನಗರ
10 ಜೂನ್ 2005

ಮೇಡಂ ಅವರಿಗೆ,

ದಯವಿಟ್ಟು ಬರಬೇಡಿ. ಈ ಕಾಗದ ಭಾನುವಾರದ ಒಳಗೆ ತಲುಪಲೆಂದು ಇವರ ಕೈಯಲ್ಲೇ ನಿಮ್ಮ ಕಾಲೇಜಿನ ಗೇಟಿಗೆ ಕಳಿಸುತ್ತಿದ್ದೇನೆ.

ನಿಮ್ಮ ಕಾರು ನಮ್ಮ ಬಾಗಿಲಲ್ಲಿ ನಿಂತರೆ ಬ್ಲಾಕಿನವರು ಯಾಕೆ ಅಂತ ಕೇಳುತ್ತಾರೆ. ಈಗ ಆ ಮಾತು ಸ್ವಲ್ಪ ತಣ್ಣಗಾಗಿದೆ. ನೀವು ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಹೋದರೆ ನಿಮಗೆ ಸಮಾಧಾನವಾಗುತ್ತದೆ. ನಮಗೆ ಏನಾಗುತ್ತದೆ?

ಒರಟಾಗಿ ಬರೆದೆ. ಬೇರೆ ರೀತಿ ಬರೆಯಲು ತಿಳಿಯಲಿಲ್ಲ.

ಶಾಂತಮ್ಮ

*

ಲಕ್ಷ್ಮೀ ನಗರ
21 ಜೂನ್ 2005

ಶಾಂತಮ್ಮನವರಿಗೆ,

ನೀವು ಬರೆದದ್ದು ಸರಿ. ಸಮಾಧಾನ ಬೇಕಾಗಿದ್ದದ್ದು ನನಗೇ. ಬರುವುದಿಲ್ಲ. ಕ್ಷಮೆಯನ್ನೂ ಮತ್ತೆ ಮತ್ತೆ ಕೇಳುವುದಿಲ್ಲ, ಅದಕ್ಕೂ ನೀವೇ ಉತ್ತರ ಬರೆಯಬೇಕಾಗುತ್ತದೆ.

ಇಷ್ಟು ದಿನ ನಿಮಗೆ ಬರೆದೆ, ನಿಮ್ಮ ಯಜಮಾನರ ಬಗ್ಗೆ ಯೋಚಿಸಿದೆ, ಅಶ್ವತ್ಥನಾರಾಯಣ ಅವರನ್ನು ಕೇಳಿದೆ. ಪ್ರೇರಣಾಳನ್ನು ಒಂದು ಮಾತು ಕೇಳಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತು. ಹಿಂದಿಯಲ್ಲಿ ಬರೆದು ಅವಳ ಕೈಗೇ ಕಳಿಸಬಹುದಿತ್ತು. ಆದರೆ ನಿಮ್ಮನ್ನು ಬದಿಗಿಟ್ಟು ಅವಳೊಂದಿಗೆ ಮಾತಾಡುವುದೂ ಇನ್ನೊಂದು ತಪ್ಪಾದೀತೇನೋ ಎಂದು ಹೆದರಿಕೆಯಾಯಿತು. ಹಾಗಾಗಿ ಮುಂದಿನ ಸಾಲುಗಳನ್ನು ಅವಳಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಬೇಡ ಅನಿಸಿದರೆ ಬಿಡಿ.

ಪ್ರೇರಣಾ, ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಓಖ್ಲಾದ ಹುಡುಗಿ ಪಂಪನ್ನು ಕಪಾಟಿನಲ್ಲಿಟ್ಟು ಯಾರೂ ಮುಟ್ಟದಂತೆ ಕಾಯುತ್ತಿದ್ದಾಳೆ. ಬೇರೆ ಜೊತೆಗಾರಳನ್ನು ಕೊಡುತ್ತೇನೆ ಅಂದರೆ ಒಪ್ಪಲಿಲ್ಲ. ವಿಜ್ಞಾನ ಇರುವ ಆ ಶಾಲೆಯಲ್ಲಿ ಜುಲೈ ಎಂಟರವರೆಗೆ ಪ್ರವೇಶ ಕೊಡುತ್ತಾರೆ, ವಿಚಾರಿಸಿದ್ದೇನೆ. ನೀನು ಬಾ ಎಂದು ಹೇಳುವುದಿಲ್ಲ. ನಿನಗೆ ಏನನಿಸುತ್ತದೆ ಎಂದು ಕೇಳುತ್ತಿದ್ದೇನೆ.

ಪಂಕಜಾ

*

ಸರೋಜಿನಿ ನಗರ
25 ಜೂನ್ 2005

ಮೇಡಂ ಅವರಿಗೆ,

ಓದಿ ಹೇಳಿದೆ. ಉತ್ತರ ತಾನು ಹಿಂದಿಯಲ್ಲಿ ಹೇಳುತ್ತಾಳಂತೆ, ನಾನು ಕನ್ನಡದಲ್ಲಿ ಬರೆಯಬೇಕಂತೆ. ಹಿಂದಿಯಲ್ಲಿ ನೀನೇ ಬರಿ ಅಂದೆ. "ಇಲ್ಲ, ನಾನು ಹೇಳೋದು ನಿನಗೂ ಗೊತ್ತಾಗಬೇಕು. ನಿನ್ನ ಮಾತು ಸೇರಿಸಬೇಡ" ಅಂದಳು. ಇನ್ನು ಅವಳ ಮಾತು.

ಮ್ಯಾಮ್, ಅಮ್ಮ ಹೇಳಬೇಡಿ ಅಂದರು. ನೀವು ಹೇಳಿಸಿದಿರಿ. ಇಬ್ಬರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಆದರೆ ನಾನು ಬರದೇ ಇರುವುದು ಅದಕ್ಕಲ್ಲ. ಅಪ್ಪ ಬೇಡ ಅಂದಿದ್ದಕ್ಕೂ ಅಲ್ಲ. ಆವತ್ತು ನನ್ನ ಪಂಪ್ ಸೋರಿತು. ನೀರು ಮುಂದಿನ ಸಾಲಿನವರೆಗೆ ಹರಿಯಿತು. ಒಬ್ಬ ಅಂಕಲ್ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು ಕೂತರು. ನೀವೂ ನೋಡಿದಿರಿ. ಆದರೂ ಚಪ್ಪಾಳೆ, ಆದರೂ ಶಾಲು. ಸೋರುವ ಪಂಪಿಗೆ ಯಾರು ಶಾಲು ಕೊಡುತ್ತಾರೆ? ಅದು ಪಂಪಿಗಲ್ಲ. ನೀವು ಲ್ಯಾಬಿನಲ್ಲಿ ಎಷ್ಟೋ ಸಲ ವೆರಿ ಗುಡ್ ಅಂದಿದ್ದೀರಿ. ಈಗ ಅವೆಲ್ಲ ಯಾವುದಕ್ಕೆ ಅಂದದ್ದು ಅಂತ ಗೊತ್ತಾಗುತ್ತಿಲ್ಲ. ತೊಂಬತ್ತೊಂದು ಬೋರ್ಡಿನವರು ಕೊಟ್ಟದ್ದು, ಅವರಿಗೆ ನಾನು ಬರೀ ರೋಲ್ ನಂಬರ್, ಅದನ್ನು ನಂಬುತ್ತೇನೆ. ನಿಮ್ಮದನ್ನು ಹೇಗೆ ನಂಬಲಿ? ಪಂಪ್ ಚೆನ್ನಾಗಿತ್ತಾ, ಇಲ್ಲವಾ? ಅದನ್ನು ಹೇಳಿ.

ಇಷ್ಟು ಅವಳದು. ಇನ್ನೊಂದು ಮಾತು ಹೇಳಿ, ಅದನ್ನು ಬರೀಬೇಡ ಅಂದಳು, ಬರೆಯುತ್ತಿದ್ದೇನೆ. ಆ ಪಂಪನ್ನು ಅವಳು ಶುರುಮಾಡಿದ್ದು ಲೀಲಾ ಆಂಟಿ ಬೆಳಿಗ್ಗೆ ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದನ್ನು ನೋಡಿ.

ಶಾಂತಮ್ಮ

*

ಲಕ್ಷ್ಮೀ ನಗರ
30 ಜೂನ್ 2005

ಪ್ರೇರಣಾಳಿಗೆ (ನಿನ್ನ ಅಮ್ಮ ಓದಿ ಹೇಳಲಿ),

ನಿನ್ನ ಪಂಪನ್ನು ಕಪಾಟಿನಿಂದ ತೆಗೆಸಿ ನಿನ್ನೆ ಮಧ್ಯಾಹ್ನ ನಾನೇ ಒತ್ತಿ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಕೂಟದಲ್ಲಿ ಸೋರಿದ್ದನ್ನು ನೋಡಿದೆ, ನೋಡದವಳಂತೆ ಚಪ್ಪಾಳೆ ತಟ್ಟಿದೆ.

ಸೈಕಲ್ ಟ್ಯೂಬಿನ ರಬ್ಬರ್ ವಾಲ್ವಿಗೆ ಬಿರುಸಾಯಿತು. ಅದು ರಂಧ್ರದ ಮೇಲೆ ಸರಿಯಾಗಿ ಕೂರುವುದಿಲ್ಲ, ಏರಿದ ನೀರಿನ ಅರ್ಧ ವಾಪಸ್ ಬರುತ್ತದೆ. ಬಾಟಲಿಯ ಬಾಯಿ ನೀನು ಕತ್ತರಿಸಿದ ಕಡೆ ಸಮವಾಗಿಲ್ಲ, ಅವಸರ ಮಾಡಿದ್ದೀಯ. ಪೈಪಿನ ಸಂದಿಗೆ ಅಂಟು ಒಂದೇ ಕಡೆ ಹಾಕಿದ್ದೀಯ. ಮೇಜಿನ ಎತ್ತರಕ್ಕೆ ನೀರು ಏರುತ್ತದೆ, ಮಹಡಿಗೆ ಏರುವುದಿಲ್ಲ. ಕೈಕೆಲಸದಲ್ಲಿ ಇನ್ನೊಂದು ಗುಂಪಿನ ಪಂಪ್ ನಿನ್ನದಕ್ಕಿಂತ ಅಚ್ಚುಕಟ್ಟು.

ಒಂದೇ ಏಟಿಗೆ ಏರಿಸದೆ, ನಡುವೆ ಇನ್ನೊಂದು ಬಾಟಲಿ ಇಟ್ಟು ಅಲ್ಲಿಂದ ಮತ್ತೆ ಏರಿಸುವ ಯೋಚನೆ ನಿನ್ನದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಬೇರೆ ಯಾವ ಗುಂಪಿಗೂ ಹೊಳೆದಿರಲಿಲ್ಲ. ಅದು ಚೆನ್ನಾಗಿದೆ.

ಹತ್ತಕ್ಕೆ ಆರು ಕೊಡುತ್ತೇನೆ. ಅದು ಪಂಪಿಗೆ.

ಪಂಕಜಾ

*

ಸರೋಜಿನಿ ನಗರ
9 ಜುಲೈ 2005

ಪಂಕಜಾ ಮೇಡಂ ಅವರಿಗೆ,

ಸೋಮವಾರದಿಂದ ಅವಳು ನಿಮ್ಮಲ್ಲಿಗೆ ಬರುತ್ತಿರುವುದು ನಿಮಗೆ ಗೊತ್ತು. ಮನೆಯಲ್ಲಿ ನಡೆದದ್ದು ಅವಳು ಹೇಳಿರಲಾರಳು.

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ತಪ್ಪುಗಳೇ ಒಂದಾದ ಮೇಲೊಂದು ಬರುತ್ತಿದ್ದವು. ಮಧ್ಯೆ ನಿಲ್ಲಿಸಿದೆ. ಅವಳು, "ರುಕೋ ಮತ್, ಓದು" ಅಂದಳು. ಮುಗಿದ ಮೇಲೆ ವಾಲ್ವಿನ ಭಾಗವನ್ನು ಮತ್ತೆ ಓದಿಸಿದಳು. ಆರು ಕಡಿಮೆಯಾಯಿತು, ಏಳಾದರೂ ಬರಬೇಕು ಅಂತ ಅಪ್ಪನ ಹತ್ತಿರ ವಾದಕ್ಕೆ ಕೂತಳು. ಇವರಿಗೆ ಆ ಪಂಪಿನ ತಲೆಬುಡ ಗೊತ್ತಿಲ್ಲ. "ಮೇಡಂ ಆರು ಅಂದಮೇಲೆ ಆರೇ" ಅಂದರು. ಅದಕ್ಕೆ ಅವಳು ನಕ್ಕಳು. ಎಷ್ಟೋ ದಿನವಾಗಿತ್ತು.

ಬುಧವಾರ ಊಟಕ್ಕೆ ಕೂತಾಗ, ನಾಳೆ ವಿಜ್ಞಾನದ ಶಾಲೆಗೆ ಹೋಗಿ ಸೇರುತ್ತೇನೆ ಅಂದಳು. ಎರಡು ಬಸ್ಸು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತೆ, ಯಾರು ಕರೆತರುತ್ತಾರೆ ಅಂತ ಇವರು ಕೇಳಿದರು. ನಾನೇ ಬರುತ್ತೇನೆ ಅಂದಳು. ಕಾಮರ್ಸಿಗೆ ಸೇರಿದರೆ, ಅಪ್ಪಾ, ನಿಮಗೆ ನೆಮ್ಮದಿ, ನನಗೆ ಜೀವನಪೂರ್ತಿ ಬೇಸರ ಅಂದಳು. ಇವರು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಬೆಳಿಗ್ಗೆ ನೋಡಿದರೆ ಅರ್ಧ ದಿನದ ರಜೆಯ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು.

ಶಾಲೆಯಲ್ಲಿ ಅರ್ಜಿ ತುಂಬುವಾಗ ಜಾತಿಯ ಕಾಲಂ ಬಂದಾಗ ಇವರು ಪೆನ್ನು ಹಿಡಿದು ಸುತ್ತ ನೋಡಿದರಂತೆ. ಸಾಲಿನಲ್ಲಿ ಹಿಂದೆ ಜನ ಇದ್ದರು. ಅವಳು ಪೆನ್ನು ತೆಗೆದುಕೊಂಡು ಅದನ್ನೂ, ಉಳಿದ ಕಾಲಂಗಳನ್ನೂ ತಾನೇ ತುಂಬಿ ಕೊಟ್ಟಳಂತೆ. ಸೀಟು ಆಯಿತು. ಹದಿನೆಂಟಕ್ಕೆ ತರಗತಿ ಶುರು.

ಎಲ್ಲ ಸರಿಹೋಯಿತು ಅಂತ ನೀವು ತಿಳಿಯಬಾರದು. ಕ್ವಾರ್ಟರ್ಸ್ ಬದಲಿಸುವ ಅರ್ಜಿಯನ್ನು ಇವರು ವಾಪಸ್ ತೆಗೆದುಕೊಂಡಿಲ್ಲ. ನನಗೂ ಭಯ ಹೋಗಿಲ್ಲ. ಅವಳು ಬರೆದಷ್ಟು ಸಲೀಸಾಗಿ ನಾನು ಬರೆಯಲಾರೆ. ಆದರೆ ಅವಳ ಕೈಯಿಂದ ಪೆನ್ನು ಕಿತ್ತುಕೊಳ್ಳುವುದೂ ನನ್ನಿಂದಾಗದು.

ಒಂದು ಕೇಳಿಕೊಳ್ಳುತ್ತೇನೆ. ಇನ್ನು ಮುಂದೆ ಅವಳ ವಿಷಯ ಏನಿದ್ದರೂ ಅವಳಿಗೇ ಬರೆಯಿರಿ, ಹಿಂದಿಯಲ್ಲಿ. ಒಳ್ಳೆಯದಾದರೂ ಸರಿ, ತಪ್ಪಾದರೂ ಸರಿ. ಅವಳು ತೋರಿಸಿದರೆ ನೋಡುತ್ತೇನೆ.

ನನಗೆ ಬರೆಯಬೇಕು ಅನಿಸಿದರೆ ಬೇರೆ ಏನಾದರೂ ಬರೆಯಿರಿ. ನಿಮ್ಮ ಅಮ್ಮನಿಗೆ ಏನು ಬರೆಯುತ್ತಿದ್ದಿರೋ, ಅಂಥದ್ದು.

ಶಾಂತಮ್ಮ